ಬಾಯಿಮಾತು ಸಾಕು, ಬರಹದಲ್ಲಿ ಕೊಡಿ: ತೇನಿ, ಕಂಬಂ ಕಣಿವೆ, ದಿಂಡಿಗಲ್ ವಾಹನ ಕೊಳ್ಳುವವರ ಹಕ್ಕೊತ್ತಾಯ ಪತ್ರ

ಇವರಿಗೆ:
ಸಾರಿಗೆ ಆಯುಕ್ತರು, ತಮಿಳುನಾಡು ಸರ್ಕಾರ, ಚೆನ್ನೈ
ಜಿಲ್ಲಾಧಿಕಾರಿಗಳು, ತೇನಿ ಮತ್ತು ದಿಂಡಿಗಲ್
ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ತೇನಿ ಮತ್ತು ದಿಂಡಿಗಲ್

ಮಾನ್ಯರೇ,

ಕಾರು ಮಾರುವವನ ಮಾತು ನಂಬಬೇಡ ಎಂಬುದು ಕಂಬಂ ಕಣಿವೆಯಲ್ಲಿ ಈಗ ಹಿರಿಯರು ಹೇಳುವ ಬುದ್ಧಿಮಾತಾಗಿ ಉಳಿದಿಲ್ಲ, ವ್ಯವಹಾರದ ಮೊದಲ ನಿಯಮವೇ ಆಗಿದೆ. ಗೂಡಲೂರಿನಿಂದ ಒಟ್ಟನ್‌ಛತ್ರದವರೆಗೆ ಯಾರೇ ಗಾಡಿ ಕೊಳ್ಳಲು ಹೊರಟರೂ ಮೊದಲು ಹುಡುಕುವುದು ಗಾಡಿಯನ್ನಲ್ಲ, ಜೊತೆಗೆ ಬಂದು ನೋಡಿಕೊಡುವ ಮೆಕ್ಯಾನಿಕ್ಕನ್ನು. ಶೋರೂಮಿನಲ್ಲಿ ಹೇಳುವ ಬೆಲೆ ಒಂದು, ಕೊನೆಗೆ ಕಟ್ಟುವ ಹಣ ಇನ್ನೊಂದು ಎಂದು ಎಲ್ಲರಿಗೂ ಗೊತ್ತು. ಹಳೆಯ ಗಾಡಿಯ ಮೀಟರಿನಲ್ಲಿ ಕಾಣುವ ಕಿಲೋಮೀಟರು ಅದು ಓಡಿದ ಕಿಲೋಮೀಟರಲ್ಲ ಎಂದೂ ಎಲ್ಲರಿಗೂ ಗೊತ್ತು. ಊರಿಗೆಲ್ಲ ಗೊತ್ತಿರುವ ಸಂಗತಿ ತಮ್ಮ ಕಚೇರಿಗಳಿಗೆ ಮಾತ್ರ ಗೊತ್ತಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ವ್ಯಾಪಾರಕ್ಕೆ ಪರವಾನಗಿ ಕೊಡುವವರು ತಾವು, ನೋಂದಣಿ ಮಾಡುವವರು ತಾವು, ತೆರಿಗೆ ಕಟ್ಟಿಸಿಕೊಳ್ಳುವವರೂ ತಾವೇ. ಈ ಅಪನಂಬಿಕೆಗೆ ಉತ್ತರ ಕೊಡಬೇಕಾದವರೂ ತಾವೇ.

ಅಪನಂಬಿಕೆ ನಮ್ಮ ಎರಡು ಜಿಲ್ಲೆಗಳಿಗಷ್ಟೇ ಸೇರಿದ್ದಲ್ಲ, ನಿಜ. ಅಮೆರಿಕದ ಗ್ಯಾಲಪ್ ಸಂಸ್ಥೆ ಯಾವ ಕಸುಬಿನವರು ಎಷ್ಟು ಪ್ರಾಮಾಣಿಕರು ಎಂದು 1970ರ ದಶಕದಿಂದಲೂ ಜನರನ್ನು ಕೇಳುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ದಾದಿಯರು ಪಟ್ಟಿಯ ಮೇಲ್ತುದಿಯಲ್ಲಿದ್ದಾರೆ, ಕಾರು ಮಾರುವವರು ತಳದ ಸಮೀಪದಲ್ಲಿದ್ದಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರಿನ ಪೇಟೆಯನ್ನೇ ಇಟ್ಟುಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದ ಕಡೆ ಒಳ್ಳೆಯ ಸರಕಿಗೆ ತಕ್ಕ ಬೆಲೆ ಸಿಗದೆ ಅದು ಪೇಟೆಯಿಂದಲೇ ಹಿಂದೆ ಸರಿಯುತ್ತದೆ, ಕೆಟ್ಟದ್ದು ಉಳಿಯುತ್ತದೆ ಎಂದು ತೋರಿಸಿದರು. ಅಂಗಡಿಯ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲನ್ನು ಭಾರತದ ಹೆಂಗಸರು ಕೂತು ಆರಿಸುವ ವಿಚಾರವೂ ಅದೇ ಪ್ರಬಂಧದಲ್ಲಿದೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕಣಿವೆಯಲ್ಲಿ ಅವರ ಮಾತು ದಿನವೂ ನಿಜವಾಗುತ್ತಿದೆ: ಎಂಜಿನ್ ಒಮ್ಮೆ ಇಳಿಸಿದೆ ಎಂದು ಇದ್ದದ್ದನ್ನು ಇದ್ದಂತೆ ಹೇಳುವ ವ್ಯಾಪಾರಿಯ ಗಾಡಿ ನಿಂತೇ ಇರುತ್ತದೆ, ಮುಚ್ಚಿಟ್ಟವನದು ಆ ವಾರವೇ ಹೋಗುತ್ತದೆ.

ನಮಗೆ ಗಾಡಿ ಷೋಕಿಯ ವಸ್ತುವಲ್ಲ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂನ ಪನ್ನೀರ್ ದ್ರಾಕ್ಷಿ ಪೇಟೆ ಸೇರುವುದು ಗಾಡಿಯಲ್ಲಿ, ಏಲಕ್ಕಿ ಬೋಡಿನಾಯಕನೂರಿನ ಹರಾಜಿಗೆ ಇಳಿಯುವುದು ಗಾಡಿಯಲ್ಲಿ, ನಿಲಕ್ಕೋಟೈ ಮಲ್ಲಿಗೆ ಬಾಡುವ ಮುನ್ನ ಹೊರಡುವುದು ಗಾಡಿಯಲ್ಲಿ. ಕಂಬಂಮೆಟ್ಟು, ಬೋಡಿಮೆಟ್ಟು, ಕುಮಳಿ ಘಾಟಿ ಹತ್ತಿ ಇಡುಕ್ಕಿಯ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರ ಜೀವ ಜೀಪಿನ ಬ್ರೇಕಿನ ಮೇಲೆ ನಿಂತಿದೆ. ಶಬರಿಮಲೆಯ ಯಾತ್ರೆಯ ತಿಂಗಳುಗಳನ್ನು ನಂಬಿ ಟ್ಯಾಕ್ಸಿ ಕೊಳ್ಳುವ ಹುಡುಗ ಒಡವೆ ಅಡವಿಟ್ಟು ಮುಂಗಡ ಕಟ್ಟಿರುತ್ತಾನೆ. ಇಂಥವರಿಗೆ ಹೇಳಿದ ಸುಳ್ಳು ಘಾಟಿಯ ತಿರುವಿನಲ್ಲಿ ಹೊರಬೀಳುತ್ತದೆ.

ಈ ಪತ್ರ ಬರೆದವರಲ್ಲಿ ಕಪ್ಪಿಲಿಯರು, ಅನುಪ್ಪರು, ದೇವಾಂಗರು ಇದ್ದಾರೆ; ಮನೆಯಲ್ಲಿ ಕನ್ನಡ ಆಡುವವರು, ಶಾಲೆಯಲ್ಲಿ ತಮಿಳು ಓದಿದವರು. ಕುಂದುಕೊರತೆಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಆ ಹಕ್ಕಿನಿಂದ ಕನ್ನಡದಲ್ಲಿ ಬರೆದಿದ್ದೇವೆ. ಬೇಡಿಕೆಗಳು ಮಾತ್ರ ಭಾಷೆ ಯಾವುದೇ ಇರಲಿ, ಗಾಡಿ ಕೊಳ್ಳುವ ಎಲ್ಲರವು.

ಅ. ಶೋರೂಮಿನ ಬೆಲೆ

ಕೊಟೇಷನ್ ಹಾಳೆಯನ್ನೇ ತೆಗೆದು ನೋಡಿ. ಎಕ್ಸ್ ಶೋರೂಂ ಬೆಲೆ ಅಚ್ಚಾಗಿರುತ್ತದೆ. ಅದರ ಕೆಳಗೆ ಜೀವಾವಧಿ ತೆರಿಗೆ, ವಿಮೆ, ಫಾಸ್ಟ್ಯಾಗ್. ಇನ್ನೂ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜು, ಆಕ್ಸೆಸರಿ ಕಿಟ್, ಎಕ್ಸ್‌ಟೆಂಡೆಡ್ ವಾರಂಟಿ, ಕೋಟಿಂಗ್ ಎಂದು ಪೆನ್ನಿನಲ್ಲಿ ಸೇರಿಸಿದ ಸಾಲುಗಳು. ಕೊಡುತ್ತೇವೆಂದ ರಿಯಾಯಿತಿ ಹಾಳೆಯಲ್ಲಿ ಇರುವುದಿಲ್ಲ. ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಗೀಚಿರುತ್ತದೆ. ಮುಂಗಡ ಕಟ್ಟಿದ ಮೇಲೆ ಕಾರ್ಡು ಹಿಡಿದು ಹೋದರೆ ಸಿಗುವ ಉತ್ತರ, ಬರೆದುಕೊಟ್ಟ ಹುಡುಗ ಕೆಲಸ ಬಿಟ್ಟ ಎಂಬುದು. ಆದ್ದರಿಂದ:

1. ಪ್ರತಿ ಶೋರೂಮಿನಲ್ಲಿ ಪ್ರತಿ ಮಾದರಿಯ ಆನ್ ರೋಡ್ ಬೆಲೆಯನ್ನು, ಕಡ್ಡಾಯವಾಗಿ ಕಟ್ಟಬೇಕಾದ್ದು ಯಾವುದು, ಬೇಕಿದ್ದರೆ ಕೊಳ್ಳುವಂಥದ್ದು ಯಾವುದು ಎಂದು ಬೇರ್ಪಡಿಸಿ, ಒಳಗೆ ಕಾಲಿಟ್ಟವರಿಗೆಲ್ಲ ಕಾಣುವಂತೆ ತಮಿಳಿನಲ್ಲಿ ಹಾಕಿಸಬೇಕು.

2. ಹ್ಯಾಂಡ್ಲಿಂಗ್, ಡಿಪೊ, ಲಾಜಿಸ್ಟಿಕ್ಸ್ ಎಂದು ಹೆಸರು ಏನೇ ಇಡಲಿ, ಯಾವ ಸೇವೆಗಾಗಿ ಎಂದು ಬಿಲ್ಲಿನಲ್ಲಿ ತೋರಿಸಲಾಗದ ವಸೂಲಿಯನ್ನು ಎರಡೂ ಜಿಲ್ಲೆಗಳಲ್ಲಿ ಲಿಖಿತ ಆದೇಶ ಹೊರಡಿಸಿ ನಿಲ್ಲಿಸಬೇಕು.

3. ಈಗಾಗಲೇ ಹಾಗೆ ಕಟ್ಟಿಸಿಕೊಂಡ ಹಣವನ್ನು ರಸೀದಿ ತಂದು ತೋರಿಸಿದವರಿಗೆಲ್ಲ 30 ದಿನಗಳೊಳಗೆ ಮರಳಿ ಕೊಡಿಸಬೇಕು.

4. ರಿಯಾಯಿತಿ, ಎಕ್ಸ್‌ಚೇಂಜ್ ಬೋನಸ್, ಉಚಿತ ಸರ್ವಿಸ್ ಮುಂತಾಗಿ ಬಾಯಲ್ಲಿ ಹೇಳಿದ್ದೆಲ್ಲವೂ ಶೋರೂಮಿನ ಮೊಹರು ಮತ್ತು ಸಹಿಯೊಂದಿಗೆ ಬುಕ್ಕಿಂಗ್ ಫಾರಮ್ಮಿನಲ್ಲೇ ಬರೆದಿರಬೇಕು.

5. ವಾಹನ ವಿಮೆಯನ್ನು ಡೀಲರುಗಳು ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಹಾಕಿರುವಾಗ, ಹೊರಗಿನ ವಿಮೆ ತಂದರೆ ಡೆಲಿವರಿ ತಡ ಮಾಡುವ ಅಥವಾ ರಿಯಾಯಿತಿ ಕಿತ್ತುಕೊಳ್ಳುವ ಶೋರೂಮಿನ ಮೇಲೆ ಕ್ರಮ ಜರುಗಿಸಬೇಕು.

6. ಸಣ್ಣ ಕಾರು, ಮೂರು ಚಕ್ರದ ಗಾಡಿ, ಸರಕು ಗಾಡಿಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದ 2025ರ ಸೆಪ್ಟೆಂಬರ್ 22ರ ಹಿಂದಿನ ಹಾಗೂ ನಂತರದ ಬಿಲ್ಲುಗಳನ್ನು ತಾಳೆ ನೋಡಿ, ಇಳಿದ ತೆರಿಗೆ ಬೇರೆ ಬಾಬ್ತಿನ ಹೆಸರಿನಲ್ಲಿ ಮತ್ತೆ ಏರಿದೆಯೇ ಎಂಬ ವರದಿಯನ್ನು ಜಿಲ್ಲಾಡಳಿತ ಪ್ರಕಟಿಸಬೇಕು.

7. ಗಾಡಿ ತಯಾರಾದ ತಿಂಗಳು ಮತ್ತು ವರ್ಷ ತೋರಿಸುವ ಮಾರಾಟ ಪ್ರಮಾಣಪತ್ರ, ಅಂದರೆ ಫಾರಂ 21ರ ವಿವರವನ್ನು ಪೂರ್ತಿ ಹಣ ಕಟ್ಟಿಸಿಕೊಳ್ಳುವ ಮುನ್ನವೇ ಕೊಳ್ಳುವವರ ಕೈಗೆ ಕೊಡಬೇಕು.

8. ಲಾರಿಯಲ್ಲಿ ಬರುವಾಗಲೋ ಯಾರ್ಡಿನಲ್ಲಿ ನಿಂತಾಗಲೋ ಪೆಟ್ಟು ತಿಂದು ಬಣ್ಣ ಬಳಿಸಿಕೊಂಡ ಗಾಡಿಯನ್ನು ಹೊಸದೆಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರವಾದ್ದರಿಂದ, ರಿಪೇರಿಯ ವಿವರ ಬರೆದುಕೊಡದ ಡೀಲರ್ ಗಾಡಿ ಬದಲಿಸಿಕೊಡಬೇಕು.

9. ಹೇಳಿದ ದಿನಕ್ಕೆ ಗಾಡಿ ಬಾರದಿದ್ದರೆ ಬುಕ್ಕಿಂಗ್ ಮುಂಗಡವನ್ನು ಏನೂ ಮುರಿದುಕೊಳ್ಳದೆ ಏಳು ದಿನಗಳಲ್ಲಿ ಹಿಂದಿರುಗಿಸಬೇಕು.

10. ತಾತ್ಕಾಲಿಕವಾಗಿಯೋ ಕಾಯಂ ಆಗಿಯೋ ನೋಂದಣಿಯಾಗದ ಗಾಡಿಯನ್ನು ಕೊಳ್ಳುವವರಿಗೆ ಒಪ್ಪಿಸಬಾರದೆಂಬ ಕೇಂದ್ರ ಮೋಟಾರು ವಾಹನ ನಿಯಮ 42ನ್ನು ಆಯುಧಪೂಜೆ, ದೀಪಾವಳಿ, ತೈ ಪೊಂಗಲ್‌ನ ನೂಕುನುಗ್ಗಲಿನಲ್ಲೂ ಸಡಿಲ ಬಿಡದೆ ಜಾರಿ ಮಾಡಬೇಕು.

11. ಜಾಹೀರಾತಿನ ಮೈಲೇಜು ಪರೀಕ್ಷಾ ಕೇಂದ್ರದ ಲೆಕ್ಕವೆಂದು ಹೇಳದೆ ಮಾರುವುದನ್ನು ನಿಲ್ಲಿಸಿ, ಕೇಳಿದವರಿಗೆ ಸಮತಟ್ಟಾದ ರಸ್ತೆಯಲ್ಲಷ್ಟೇ ಅಲ್ಲದೆ ಘಾಟಿಯ ಏರಿನಲ್ಲೂ ಗಾಡಿ ಓಡಿಸಿ ನೋಡಲು ಕೊಡಬೇಕು.

ಆ. ಹಳೆಯ ಗಾಡಿ, ಆಟೋ ಕನ್ಸಲ್ಟಿಂಗ್

ಹೆಚ್ಚಿನ ನೋವು ಇರುವುದು ಇಲ್ಲಿ. ತೇನಿ, ಬೋಡಿ, ಉತ್ತಮಪಾಳಯಂ, ವತ್ತಲಗುಂಡು ರಸ್ತೆಗಳ ಬದಿಯಲ್ಲಿ, ಆಟೋ ಕನ್ಸಲ್ಟಿಂಗ್ ಎಂದು ಕರೆಯುವ ಹಳೆ ಗಾಡಿಯ ಅಂಗಡಿಗಳ ತಗಡಿನ ಚಪ್ಪರದ ಕೆಳಗೆ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಎಲ್ಲದರ ಗಾಜಿನ ಮೇಲೂ ಸಿಂಗಲ್ ಓನರ್ ಎಂದೇ ಬರೆದಿರುತ್ತದೆ. ದನದ ಜಾತ್ರೆಯಲ್ಲಿ ಟವಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಮುಚ್ಚಿಟ್ಟರೂ ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುವ ಹಕ್ಕು ಕೊಳ್ಳುವವನಿಗಿತ್ತು. ಕಾರಿನ ವಯಸ್ಸು, ಓಟ, ಪೆಟ್ಟು ತಿಳಿಯುವ ಅಂಥ ಹಕ್ಕು ಇಲ್ಲಿ ಯಾರಿಗೂ ಇಲ್ಲ.

ಈ ಅಂಗಡಿಗಳಿಗೆ ತಮ್ಮ ಗಾಡಿ ಮಾರುವವರ ಪಾಡೂ ಇದಕ್ಕಿಂತ ಬೇರೆಯಲ್ಲ. ಗಾಡಿ ಕೊಟ್ಟ ದಿನ ವ್ಯಾಪಾರಿಗಳು ಹೆಸರು ಬದಲಾವಣೆಯ ಫಾರಂ 29, ಫಾರಂ 30 ಮುಂದಿಡುತ್ತಾರೆ. ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು ಅಂಟಿಸುತ್ತಾರೆ. ಕೊಳ್ಳುವವರ ಹೆಸರಿನ ಜಾಗ ಖಾಲಿ, ದಿನಾಂಕದ ಜಾಗ ಖಾಲಿ. ಸಹಿ ಮಾತ್ರ ನಮ್ಮದು. ಆ ಖಾಲಿ ಫಾರಮ್ಮು ಗಾಡಿಯೊಂದಿಗೆ ಒಂದು ಕನ್ಸಲ್ಟಿಂಗ್‌ನಿಂದ ಇನ್ನೊಂದಕ್ಕೆ, ಅಲ್ಲಿಂದ ಕೇರಳಕ್ಕೆ ತಿರುಗುತ್ತಲೇ ಇರುತ್ತದೆ. ಆರ್‌ಸಿ ಬುಕ್ಕಿನಲ್ಲಿ ಹೆಸರು ಬದಲಾಗಿರುವುದಿಲ್ಲ. ಹೀಗೆ ಕೈಯಿಂದ ಕೈಗೆ ಮಾರಾಟವಾದ ಕಾರು ಅಪಘಾತ ಮಾಡಿದಾಗ, ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹೆಸರು ಬದಲಾಗದ ಈ ತೊಡಕನ್ನು ಸರಿಪಡಿಸಲೆಂದೇ ಕೇಂದ್ರ ಸಾರಿಗೆ ಸಚಿವಾಲಯ 2022ರ ಡಿಸೆಂಬರಿನಲ್ಲಿ ನಿಯಮ ತಿದ್ದಿತು. ಹಳೆಯ ಗಾಡಿಯ ವ್ಯಾಪಾರಿ ಅಧಿಕೃತ ಪ್ರಮಾಣಪತ್ರ ಪಡೆಯಬೇಕು, ಗಾಡಿ ಕೈಗೆ ಬಂದದ್ದನ್ನು ಸಾರಿಗೆ ಕಚೇರಿಗೆ ತಿಳಿಸಬೇಕು, ಅಲ್ಲಿಂದ ಮುಂದೆ ಹೊಣೆ ಅವನದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ನಿಯಮ ನಮ್ಮ ರಸ್ತೆಬದಿಯ ಚಪ್ಪರಗಳವರೆಗೆ ಬಂದು ಮುಟ್ಟಲಿಲ್ಲ. ಮುಟ್ಟಿಸಬೇಕಾದವರು ತಾವು. ಆದ್ದರಿಂದ:

12. ಎರಡೂ ಜಿಲ್ಲೆಗಳ ಪ್ರತಿಯೊಂದು ಆಟೋ ಕನ್ಸಲ್ಟಿಂಗ್ ಅಂಗಡಿಯೂ ಅಧಿಕೃತ ವ್ಯಾಪಾರಿಯ ಪ್ರಮಾಣಪತ್ರ ಪಡೆದು ಗಿರಾಕಿಗೆ ಕಾಣುವಂತೆ ತೂಗುಹಾಕುವಂತೆ ಮಾಡಬೇಕು, ಪಡೆಯದವರ ವ್ಯಾಪಾರ ನಿಲ್ಲಿಸಬೇಕು.

13. ಪ್ರಮಾಣಪತ್ರ ಇರುವವರ ಪಟ್ಟಿಯನ್ನು ತೇನಿ, ದಿಂಡಿಗಲ್, ಉತ್ತಮಪಾಳಯಂ ಸಾರಿಗೆ ಕಚೇರಿಗಳ ಗೋಡೆಯ ಮೇಲೆ ಹಾಕಿ ತಿಂಗಳಿಗೊಮ್ಮೆ ತಿದ್ದಬೇಕು.

14. ಗಾಡಿ ವ್ಯಾಪಾರಿಯ ಕೈಸೇರಿದ ದಿನವೇ ಫಾರಂ 29ಸಿ ಮೂಲಕ ಮಾಹಿತಿ ದಾಖಲಾಗಿ, ಅದರ ಪ್ರತಿ ಮಾರಿದವನ ಮೊಬೈಲಿಗೆ ಬರಬೇಕು.

15. ಹೆಸರು, ದಿನಾಂಕ ತುಂಬದ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳುವ ವ್ಯಾಪಾರಿಯ ಪ್ರಮಾಣಪತ್ರವನ್ನು ಮೊದಲ ತಪ್ಪಿಗೇ ಅಮಾನತು ಮಾಡಬೇಕು.

16. ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳಲ್ಲಿ, ಕೊಂಡವನು 30 ದಿನಗಳಲ್ಲಿ ತಿಳಿಸಬೇಕೆಂಬ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ವಿಷಯವನ್ನು ವ್ಯಾಪಾರಿಯೇ ಬರೆದುಕೊಡಬೇಕು, ಹೆಸರು ಬದಲಾಗುವವರೆಗೆ ದಂಡ, ಇ-ಚಲನ್, ಅಪಘಾತದ ಹೊಣೆಯನ್ನೂ ಅವನೇ ಹೊರಬೇಕು.

17. ಎಫ್‌ಸಿ, ಹೊಗೆ ತಪಾಸಣೆ, ವಿಮೆ ನವೀಕರಣ, ಸರ್ವಿಸ್ ನಡೆದಾಗಲೆಲ್ಲ ಮೀಟರಿನ ಅಂಕಿಯನ್ನು ಸರ್ಕಾರದ ವಾಹನ್ ದಾಖಲೆಗೆ ಸೇರಿಸಿ, ಕೊಳ್ಳುವವರು ಮೊಬೈಲಿನಲ್ಲಿ ನೋಡುವಂತೆ ಮಾಡಲು ರಾಜ್ಯವು ಕೇಂದ್ರಕ್ಕೆ ಲಿಖಿತವಾಗಿ ಒತ್ತಾಯಿಸಬೇಕು.

18. ಅಮೆರಿಕ 1972ರಲ್ಲೇ ಮೀಟರ್ ತಿರುಗಿಸುವುದನ್ನು ತಡೆಯಲು ಕಾನೂನು ಮಾಡಿತೆಂಬುದನ್ನು ನೆನಪಿಟ್ಟು, ಇಲ್ಲಿಯೂ ಅದಕ್ಕೆಂದೇ ಬೇರೆ ಕಾನೂನು ಬರುವವರೆಗೆ ಮೀಟರ್ ತಿರುಗಿಸಿದವನ ಮೇಲೂ ತಿರುಗಿಸಿಕೊಡುವ ಅಂಗಡಿಯ ಮೇಲೂ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಯ ಪ್ರಕರಣ ದಾಖಲಿಸುವಂತೆ ಪೊಲೀಸರಿಗೆ ಸೂಚನೆ ಹೋಗಬೇಕು.

19. 2015 ಮತ್ತು 2023ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ, 2018ರ ಆಗಸ್ಟಿನಲ್ಲಿ ಕೇರಳದಲ್ಲಿ ನೆರೆ ನೀರಿನಲ್ಲಿ ಮುಳುಗಿದ ಗಾಡಿಗಳನ್ನೂ ವಿಮಾ ಕಂಪನಿ ಪೂರ್ತಿ ನಷ್ಟವೆಂದು ಬರೆದುಹಾಕಿದ ಗಾಡಿಗಳನ್ನೂ ನೋಂದಣಿ ದಾಖಲೆಯಲ್ಲಿ ಗುರುತು ಮಾಡಬೇಕು.

20. ರಿಪೇರಿಯಾಗಲಾರದಷ್ಟು ಹಾಳಾದ ಗಾಡಿಯ ನೋಂದಣಿಯನ್ನು ಕಾಯ್ದೆಯ 55ನೇ ಕಲಮಿನಂತೆ ರದ್ದು ಮಾಡಿ, ಅದರ ಚಾಸಿ ನಂಬರು ಇನ್ನೊಂದು ಗಾಡಿಯ ಮೈಮೇಲೆ ಕಾಣಿಸದಂತೆ ನೋಡಿಕೊಳ್ಳಬೇಕು.

21. ಎಷ್ಟನೆಯ ಮಾಲೀಕ, ಸಾಲ ಬಾಕಿ ಇದೆಯೇ, ಅಪಘಾತವಾಗಿದೆಯೇ, ಎಂಜಿನ್ ಇಳಿಸಿದೆಯೇ, ಗ್ಯಾರಂಟಿ ಉಂಟೇ ಇಲ್ಲವೇ ಎಂಬ ಐದು ವಿವರಗಳ ಒಂದು ಹಾಳೆಯನ್ನು ವ್ಯಾಪಾರಿ ಸಹಿ ಹಾಕಿ ಪ್ರತಿ ಹಳೆಯ ಗಾಡಿಯ ಗಾಜಿಗೆ ಅಂಟಿಸಬೇಕು.

22. ಕೊಳ್ಳುವವರು ತಮಗೆ ಬೇಕಾದ ಮೆಕ್ಯಾನಿಕ್ಕಿನಿಂದ, ಬೇಕಾದ ಗ್ಯಾರೇಜಿನಲ್ಲಿ ತಪಾಸಣೆ ಮಾಡಿಸಿಕೊಳ್ಳುವುದನ್ನು ಯಾವ ವ್ಯಾಪಾರಿಯೂ ತಡೆಯಬಾರದು.

23. ಬ್ರೋಕರ್ ಎರಡೂ ಕಡೆಯಿಂದ ಪಡೆಯುವ ಕಮಿಷನ್ ಎಷ್ಟೆಂಬುದನ್ನು ಇಬ್ಬರಿಗೂ ಕಾಣುವಂತೆ ಒಪ್ಪಂದದ ಪತ್ರದಲ್ಲೇ ಬರೆಯಬೇಕು.

24. ಇಡುಕ್ಕಿಯಿಂದ ಘಾಟಿ ಇಳಿದು ಬರುವ ಕೇರಳ ನೋಂದಣಿಯ ಜೀಪು, ಪಿಕಪ್ಪುಗಳನ್ನು ಅಲ್ಲಿನ ಕಚೇರಿಯ ಎನ್‌ಒಸಿ, ತೆರಿಗೆ ಮತ್ತು ದಂಡ ಬಾಕಿಯಿಲ್ಲವೆಂಬ ಪತ್ರ ಇಲ್ಲದೆ ಇಲ್ಲಿ ಮಾರಾಟಕ್ಕೆ ನಿಲ್ಲಿಸಬಾರದು.

25. ಅನುಮತಿಯಿಲ್ಲದೆ ಸೀಟು ಹೆಚ್ಚಿಸಿದ, ಬಾಡಿ ಬದಲಿಸಿದ ಜೀಪನ್ನು ತೋಟದ ಕೂಲಿಯಾಳು ಸಾಗಿಸಲೆಂದು ಮಾರಿದವನನ್ನು, ಅಪಘಾತವಾದಾಗ ಚಾಲಕನೊಬ್ಬನನ್ನೇ ಹಿಡಿದು ಸುಮ್ಮನಾಗದೆ, ಆರೋಪಿಯ ಪಟ್ಟಿಗೆ ಸೇರಿಸಬೇಕು.

ಇ. ಸಾಲ ಮತ್ತು ಡ್ಯೂ

ಗಾಡಿ ಮಾರುವ ಮೇಜಿನ ಪಕ್ಕದಲ್ಲೇ ಸಾಲ ಕೊಡುವ ಮೇಜು ಇರುತ್ತದೆ. ಬಡ್ಡಿ ಎಷ್ಟು ಎಂದು ಕೇಳಿದರೆ ತಿಂಗಳ ಡ್ಯೂ ಎಷ್ಟು ಎಂದಷ್ಟೇ ಹೇಳುತ್ತಾರೆ.

26. ವರ್ಷದ ನಿಜವಾದ ಬಡ್ಡಿ, ಎಲ್ಲ ಶುಲ್ಕ ಒಂದೇ ಕಡೆ ತೋರಿಸುವ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ವಿಧಿಸಿರುವುದನ್ನು ಶೋರೂಮಿನೊಳಗಿನ ಫೈನಾನ್ಸ್ ಮೇಜಿಗೂ ತಪ್ಪದೆ ಅನ್ವಯಿಸಬೇಕು.

27. ಸಾಲ ಕೊಡಿಸಿದ್ದಕ್ಕಾಗಿ ಡೀಲರಿಗೆ ಫೈನಾನ್ಸ್ ಕಂಪನಿಯಿಂದ ಸಿಗುವ ಹಣವೆಷ್ಟೆಂದು ಸಾಲಗಾರನಿಗೆ ಬರೆದು ತಿಳಿಸಬೇಕು.

28. ಖಾಲಿ ಚೆಕ್ಕು, ಖಾಲಿ ಛಾಪಾಕಾಗದ, ಓದಿ ಹೇಳದ ಪುಟಗಳ ಮೇಲೆ ಸಹಿ ಹಾಕಿಸಿಕೊಳ್ಳುವುದನ್ನು ನಿಲ್ಲಿಸಬೇಕು.

29. ಡ್ಯೂ ತಪ್ಪಿದ ಗಾಡಿಯನ್ನು ನೋಟಿಸು ಕೊಡದೆ, ಪ್ರಯಾಣಿಕರನ್ನು ಇಳಿಸಿ, ದಾರಿಯಲ್ಲಿ ಅಡ್ಡಹಾಕಿ ಸೀಜ್ ಮಾಡುವವರನ್ನು ಪೊಲೀಸರು ದರೋಡೆಕೋರರಂತೆಯೇ ಕಾಣಬೇಕು.

30. ಕೊನೆಯ ಡ್ಯೂ ಕಟ್ಟಿದ 30 ದಿನಗಳೊಳಗೆ ಎನ್‌ಒಸಿ ಮತ್ತು ಫಾರಂ 35 ಕೊಟ್ಟು, ಆರ್‌ಸಿಯಲ್ಲಿನ ಎಚ್‌ಪಿ, ಅಂದರೆ ಸಾಲದ ಗುರುತು, ತೆಗೆಸಿಕೊಡುವ ಹೊಣೆಯನ್ನು ಸಾಲ ಕೊಟ್ಟವರೇ ಹೊರಬೇಕು.

ಈ. ಮಾರುವ ಕೆಲಸದವರು

ಜನರ ಬಾಯಲ್ಲಿ ಸುಳ್ಳುಗಾರ ಎನಿಸಿಕೊಳ್ಳುವವನು ಶೋರೂಮಿನ ಮಾಲೀಕನಲ್ಲ, ಟೈ ಕಟ್ಟಿ ಬಾಗಿಲಲ್ಲಿ ನಿಂತ ನಮ್ಮದೇ ಊರಿನ ಹುಡುಗ, ಹುಡುಗಿ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಇನ್ಸೆಂಟಿವ್ ಇಲ್ಲ, ಎರಡು ತಿಂಗಳು ಮುಟ್ಟದಿದ್ದರೆ ಕೆಲಸವೇ ಇಲ್ಲ. ಹೊಟ್ಟೆಪಾಡಿಗೆ ಸುಳ್ಳು ಹೇಳಲೇಬೇಕಾದ ಏರ್ಪಾಡು ಮಾಡಿಟ್ಟವರನ್ನು ಬಿಟ್ಟು, ಹೇಳಿದವರನ್ನಷ್ಟೇ ದೂರುವುದಕ್ಕೆ ನಾವು ಸಿದ್ಧರಿಲ್ಲ. ಅವರ ಪರವಾಗಿಯೂ ಕೇಳುತ್ತಿದ್ದೇವೆ:

31. ಮಾರಾಟ ಕೆಲಸದವರಿಗೆ ಇನ್ಸೆಂಟಿವ್ ಲೆಕ್ಕಕ್ಕೆ ಹಿಡಿಯದೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಸಿಗುತ್ತಿದೆಯೇ ಎಂದು ಕಾರ್ಮಿಕ ಇಲಾಖೆ ಶೋರೂಮಿಗೂ ಕನ್ಸಲ್ಟಿಂಗ್‌ಗೂ ಹೋಗಿ ಪರಿಶೀಲಿಸಬೇಕು.

32. ಆಕ್ಸೆಸರಿ, ವಿಮೆ, ವಾರಂಟಿ ಮಾರಲಿಲ್ಲವೆಂದು ಯಾರ ಸಂಬಳವನ್ನೂ ಮುರಿಯಬಾರದು.

33. ಮಾರಾಟಗಾರ ಗಿರಾಕಿಗೆ ಕೊಟ್ಟ ಮಾತು ಶೋರೂಮೇ ಕೊಟ್ಟ ಮಾತೆಂದು ಎಣಿಸಬೇಕು, ಅವನು ಕೆಲಸ ಬಿಟ್ಟ ನೆಪದಲ್ಲಿ ಮಾಲೀಕ ಜಾರಿಕೊಳ್ಳಬಾರದು.

34. ಮೋಸವನ್ನು ಬಯಲು ಮಾಡಿದ ಕೆಲಸದವರನ್ನು ತೆಗೆದುಹಾಕುವ ಮಾಲೀಕನ ವ್ಯಾಪಾರ ಪ್ರಮಾಣಪತ್ರವನ್ನು ನವೀಕರಿಸಬಾರದು.

ಉ. ಓದಲು ಬರುವ ಕಾಗದ

35. ಬುಕ್ಕಿಂಗ್ ಫಾರಂ, ಸಾಲದ ಒಪ್ಪಂದ, ವಾರಂಟಿ ಪುಸ್ತಕ ಮೂರೂ ಇಂಗ್ಲಿಷಿನೊಂದಿಗೆ ತಮಿಳಿನಲ್ಲೂ ಇರಬೇಕು.

36. ಹಳೆಯ ಕಾರಿನ ಗಾಜಿಗೆ ವಿವರದ ಹಾಳೆ ಅಂಟಿಸುವುದನ್ನು 1985ರಿಂದ ಕಡ್ಡಾಯ ಮಾಡಿರುವ ಅಮೆರಿಕದಲ್ಲಿ, ವ್ಯಾಪಾರದ ಮಾತು ಸ್ಪ್ಯಾನಿಷಿನಲ್ಲಿ ನಡೆದರೆ ಹಾಳೆಯೂ ಸ್ಪ್ಯಾನಿಷಿನಲ್ಲೇ ಇರಬೇಕೆಂಬ ನಿಯಮವಿರುವಂತೆ, ಇಲ್ಲಿ ಕನ್ನಡದಲ್ಲಿ ಮಾತಾಡಿ ಮಾರಿದವರು ಕರಾರನ್ನೂ ಕನ್ನಡದಲ್ಲಿ ಓದಿ ಹೇಳಿ ಅದನ್ನು ದಾಖಲಿಸಬೇಕು.

ಊ. ದೂರು ಮತ್ತು ಉತ್ತರ

37. ಜಿಲ್ಲಾಧಿಕಾರಿ ಕಚೇರಿಯ ಸೋಮವಾರದ ಕುಂದುಕೊರತೆ ದಿನದಲ್ಲಿ ತಿಂಗಳಿಗೆ ಒಂದು ಸೋಮವಾರ ಸಾರಿಗೆ ಅಧಿಕಾರಿಯನ್ನು ಕೂರಿಸಿ ವಾಹನ ಮಾರಾಟದ ದೂರುಗಳನ್ನು ಆಲಿಸಬೇಕು.

38. ಸಾರಿಗೆ ಇಲಾಖೆಯ ಸಿಬ್ಬಂದಿ ಗಿರಾಕಿಗಳ ವೇಷದಲ್ಲಿ ಶೋರೂಮು, ಕನ್ಸಲ್ಟಿಂಗ್‌ಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ಕಂಡದ್ದನ್ನು ಅಂಗಡಿಯ ಹೆಸರಿನೊಂದಿಗೆ ಪ್ರಕಟಿಸಬೇಕು.

39. 5 ಲಕ್ಷ ರೂಪಾಯಿವರೆಗಿನ ಗಾಡಿಯ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ದೂರುದಾರ ತಾನಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು, ಅವಧಿ ಎರಡು ವರ್ಷ, ಸಹಾಯವಾಣಿ 1915 ಎಂಬ ಫಲಕವನ್ನು ವಾಹನ ಮಾರುವ ಪ್ರತಿ ಅಂಗಡಿಯಲ್ಲಿ ಹಾಕಿಸಬೇಕು.

40. ದೂರು ಮೂರು ತಿಂಗಳಲ್ಲಿ, ತಾಂತ್ರಿಕ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ತೀರಬೇಕೆಂದು ಕಾಯ್ದೆಯೇ ಬಯಸಿರುವುದರಿಂದ, ಎರಡೂ ಜಿಲ್ಲೆಗಳ ಆಯೋಗಗಳಲ್ಲಿ ಸದಸ್ಯರ ಸ್ಥಾನ ತೆರವಾದರೆ ತಡಮಾಡದೆ ತುಂಬಬೇಕು.

41. ಪರೀಕ್ಷೆಗೆ ಗಾಡಿಯನ್ನು ಮದುರೈಗೋ ಕೊಯಮತ್ತೂರಿಗೋ ಎಳೆದೊಯ್ಯುವ ಖರ್ಚನ್ನು ದೂರುದಾರನ ತಲೆಗೆ ಕಟ್ಟದೆ, ಸರ್ಕಾರಿ ಪಾಲಿಟೆಕ್ನಿಕ್ ಅಥವಾ ಎಂಜಿನಿಯರಿಂಗ್ ಕಾಲೇಜುಗಳ ತಜ್ಞರನ್ನು ಹತ್ತಿರದಲ್ಲೇ ನೇಮಿಸಬೇಕು.

42. ಗಾಡಿ ಕೊಂಡವರನ್ನು ವರ್ಷಕ್ಕೊಮ್ಮೆ ಕೇಳಿ, ಹೇಳಿದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಯಿತೇ ಎಂಬ ಅವರ ಉತ್ತರವನ್ನು ಅಂಗಡಿವಾರು ಬಹಿರಂಗಪಡಿಸಬೇಕು, ಪ್ರಮಾಣಪತ್ರ ನವೀಕರಿಸುವಾಗ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

43. ಈ ಪತ್ರದ ಪ್ರತಿಯೊಂದು ಬೇಡಿಕೆಗೂ ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು, ಒಪ್ಪದಿರಲು ಕಾರಣವೇನು, ಜಾರಿಯ ಹೊಣೆ ಯಾವ ಅಧಿಕಾರಿಯದು ಎಂದು ಸಂಖ್ಯೆವಾರು ಬರೆದ ಉತ್ತರವನ್ನು ಪತ್ರ ತಲುಪಿದ 30 ದಿನಗಳೊಳಗೆ ತಮಿಳಿನಲ್ಲಿ, ಜೊತೆಗೆ ಕನ್ನಡದಲ್ಲಿ ಕೊಡಬೇಕು.

44. 12ರಿಂದ 16ರವರೆಗಿನ ಬೇಡಿಕೆಗಳು ಜಾರಿಯಲ್ಲಿರುವ ಕಾಯ್ದೆ, ನಿಯಮಗಳ ಮೇಲೆಯೇ ನಿಂತಿರುವುದರಿಂದ, ಅವುಗಳ ಪಾಲನೆಯನ್ನು ಮುಂದಿನ ಶಬರಿಮಲೆ ಯಾತ್ರೆಯ ಕಾಲಕ್ಕೆ ಗಾಡಿ ಕೊಳ್ಳುವಿಕೆ ಶುರುವಾಗುವ ಮುನ್ನ ಮುಗಿಸಬೇಕು.

ಇಂತಿ,
ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳಲ್ಲಿ ವಾಹನ ಕೊಂಡವರು, ಮಾರಿದವರು, ಓಡಿಸುವವರು

ಪ್ರತಿಗಳು: ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಭಾಷಾ ಅಲ್ಪಸಂಖ್ಯಾತರ ಆಯುಕ್ತರು, ತೇನಿ ಮತ್ತು ದಿಂಡಿಗಲ್ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ಎರಡೂ ಜಿಲ್ಲೆಗಳ ಎಲ್ಲ ವಾಹನ ಶೋರೂಮು ಮತ್ತು ಆಟೋ ಕನ್ಸಲ್ಟಿಂಗ್ ಮಾಲೀಕರು.